ನಾನು ನುಂಗಿದ ‘ನಾಹಿ’

ಸುನಂದಾ, ನಿನ್ನ ಹೊಟ್ಟೆನೋವನ್ನು ‘ಡೋಂಗಿ’ ಎಂದವರು ಮುಂಬೈಯ ಡಾಕ್ಟರ್‌ಬಾಯಿ ಅಲ್ಲ. ನಾನು. ನಿನ್ನ ಅತ್ತೆ. ಐದು ವರ್ಷದಿಂದ ಆ ಹೆಣ್ಣುಮಗಳಿಗೆ ನೀನು ಹಾಕುತ್ತ ಬಂದ ಶಾಪವೆಲ್ಲ ನನಗೆ ತಾಗಬೇಕಾದದ್ದು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ತವರಿನ ಮರಾಠಿ ಸಾಲೆಯಲ್ಲಿ. ಕನ್ನಡ ಬರೆಯಲು ಕಲಿತದ್ದು ಜುಗೂಳಕ್ಕೆ ಸೊಸೆಯಾಗಿ ಬಂದ ಮೇಲೆ. ಸುತ್ತಿ ಬಳಸಿ ಬರೆಯಲು ನನಗೆ ಬಾರದು — ಬಂದಿದ್ದರೂ ಬರೆಯುತ್ತಿರಲಿಲ್ಲ.

ತೊಂಬತ್ನಾಲ್ಕರಲ್ಲಿ ನಿನ್ನ ಎಡ ಎದೆಯಲ್ಲಿ ಗಂಟು ಕಂಡಿತು. ನಿನ್ನ ಅಣ್ಣ ಮುಂಬೈಯಲ್ಲಿ ರೈಲ್ವೆ ನೌಕರ. ಅಲ್ಲಿಯ ದೊಡ್ಡ ದವಾಖಾನೆಗೆ ಸೇರಿಸಿದ. ಎದೆ ತೆಗೆದರು. ಹೊಟ್ಟೆಯ ಕೆಳಗಿನ ಮಾಂಸವನ್ನು ಮೇಲಕ್ಕೆ ತಂದು ಹೊಸ ಎದೆ ಮಾಡಿ ಹೊಲಿದರು. ಹಾಗೆ ಮಾಡಿರೆಂದು ಕೇಳಿಕೊಂಡವಳು ನೀನೇ. ಗಂಟು ಹೋಯಿತೆಂದು ನಾನು ದೇವರಿಗೆ ಕೈ ಮುಗಿದೆ. ಹೊಸದು ಕಟ್ಟಿಸಿಕೊಂಡದ್ದಕ್ಕೆ ಮಾತ್ರ ಉರಿದೆ. ಮುಚ್ಚಿಕೊಳ್ಳಲು ಸೆರಗಿತ್ತಲ್ಲ? ಎರಡು ಮಕ್ಕಳ ತಾಯಿಗೆ ಇದೇನು ಶೋಕಿ? — ಹೀಗೆಲ್ಲ. ನನ್ನವು ಎರಡೂ ಇದ್ದವು, ಅದಕ್ಕೇ ಅಷ್ಟು ಸಲೀಸಾಗಿ ಅಂದುಕೊಂಡೆ.

ಊರಿಗೆ ಬಂದ ಮೇಲೆ ಎದೆಯ ಗಾಯ ಮಾಯಿತು, ಹೊಟ್ಟೆ ನೆಟ್ಟಗಾಗಲಿಲ್ಲ. ಒಳಗೆ ಯಾರೋ ಹಗ್ಗ ಬಿಗಿದು ಎಳೆದಂತಾಗುತ್ತದೆ ಎನ್ನುತ್ತಿದ್ದಿ. ಲಂಗದ ಲಾಡಿಯನ್ನು ಪಕ್ಕೆಲುಬಿನ ಮೇಲೆ ಕಟ್ಟಿಕೊಳ್ಳುತ್ತಿದ್ದಿ. ಸೀನು ಬಂದರೆ ತಲೆದಿಂಬು ಅವಚಿಕೊಳ್ಳುತ್ತಿದ್ದಿ. ರೊಟ್ಟಿ ಬಡಿಯಲು ಬಗ್ಗಲಾಗದು, ಕೊಡ ಎತ್ತಲಾಗದು. ಓಣಿಯವಳೊಬ್ಬಳು ನಮ್ಮ ಕಟ್ಟೆಯ ಮೇಲೆಯೇ ಕುಳಿತು ಅಂದಳು: “ನಿಮ್ಮ ಸೊಸಿ ಬಾಳ ಶ್ಯಾಣ್ಯಾ ಬಿಡ್ರಿ ಕಾಕೂ. ಮುಂಬೈಗೆ ಹೋಗಿ ಹೊಟ್ಟಿ ಕರಗಿಸ್ಕೊಂಡ ಬಂದಾಳ, ರೊಟ್ಟಿ ನಿಮ್ಮ ಕೈಲೆ ಬಡಸಾಕತ್ತಾಳ!” ನಾನೂ ನಕ್ಕೆ. ನೀನು ಒಳಗಿದ್ದಿ. ನಿನಗೆ ಕೇಳಿಸಲಿ ಎಂದೇ ನಕ್ಕೆ.

ಆರು ತಿಂಗಳಿಗೆ ತೋರಿಸಲು ಮತ್ತೆ ಮುಂಬೈಗೆ ಹೋದೆವು. ನಿನ್ನ ತವರು ಗದಗಿನ ಕಡೆ. ನಿನಗೆ ಮರಾಠಿ ಬಾರದು. ನನ್ನ ಮಗ ಕೆಳಗೆ ಔಷಧದ ಸಾಲಿನಲ್ಲಿ ನಿಂತಿದ್ದ. ಒಳಗೆ ನಾವಿಬ್ಬರೇ. ಡಾಕ್ಟರ್‌ಬಾಯಿ ನಿನ್ನ ಹೊಟ್ಟೆ ಒತ್ತಿ ನೋಡಿ, ನನಗೆ ಮರಾಠಿಯಲ್ಲಿ ಹೇಳಿದರು — ಎದೆಗೆ ತಂದದ್ದು ಬರೀ ಚರ್ಮವಲ್ಲ, ಹೊಟ್ಟೆಯನ್ನು ಬಿಗಿಹಿಡಿಯುವ ಖಂಡವೂ ಅದರ ಜೊತೆ ಬಂದಿದೆ. ಈ ಬಿಗಿತ, ಈ ನೋವು ಬಹಳ ದಿನ ಇರಬಹುದು. ಹೊಟ್ಟೆಗೆ ಕಟ್ಟಿದ ಪಟ್ಟಿ ಬಿಡಬಾರದು. ಭಾರ ಎತ್ತಬಾರದು. ನನ್ನ ಹುಬ್ಬು ಗಂಟಿಕ್ಕಿದ್ದನ್ನು ಕಂಡರೋ ಏನೋ, ಕೊನೆಗೆ ಬೆರಳೆತ್ತಿ ಅಂದರು:

“ಆಜೀ, ಹೇ ಢೋಂಗ್ ನಾಹಿ.”

ಇದು ನಾಟಕವಲ್ಲ ಎಂದು. ಅದರಲ್ಲಿ ಒಂದು ಮಾತು ಮಾತ್ರ ನಿನ್ನ ಕಿವಿಗೆ ಬಿತ್ತು. ಡೋಂಗಿ ಕನ್ನಡದಲ್ಲೂ ಡೋಂಗಿಯೇ ಅಲ್ಲವೇ? ನಿನ್ನ ಮುಖ ಬಿಳಿಚಿತು. ಬೆನ್ನಿಗೇ ಬಂದ ‘ನಾಹಿ’ ನಿನಗೆ ಕೇಳಿಸಲೇ ಇಲ್ಲ.

“ಏನಂದ್ರರಿ ಅತ್ತಿ? ನಾ ಡೋಂಗಿ ಮಾಡಾಕತ್ತೇನಿ ಅಂದ್ರ?”

ಅಲ್ಲ ಎನ್ನಬೇಕಿತ್ತು. ಒಂದೇ ಒಂದು ಮಾತು —

“ಹೂಂ. ಎಲ್ಲಾ ಮಾಯ್ದೈತಂತ. ಕೆಲಸಾ ಮಾಡಿದ್ರ ತಾನ ಹೋಗ್ತೈತಂತ. ಆ ಪಟ್ಟಿ ತಗದ ಒಗಿ ಅಂದ್ರು.”

ಚೀಟಿಯಲ್ಲಿ ಗುಳಿಗೆಗಳ ಹೆಸರಷ್ಟೇ ಇತ್ತು. ಉಳಿದದ್ದೆಲ್ಲ ನನ್ನ ನಾಲಿಗೆಯ ಮೇಲಿತ್ತು.

ನೀನು ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟಿ. ಊರಿಗೆ ಬಂದ ಮರುದಿನವೇ ಕೊಡ ಹೊತ್ತಿ. ಹಲ್ಲು ಕಚ್ಚಿ ರೊಟ್ಟಿ ಬಡಿದಿ. ಆಮೇಲೆ ಒಮ್ಮೆಯೂ ನೋವು ಅನ್ನಲಿಲ್ಲ — ಅಂದರೆ ಡೋಂಗಿ ಆಗುತ್ತಿತ್ತಲ್ಲ. ‘ನಮ್ಮಾಕಿ ಸುಧಾರಿಸಿದಳು’ ಎಂದು ನಾನು ಓಣಿಗೆಲ್ಲ ಸಾರಿದೆ.

ಎರಡು ವರ್ಷಕ್ಕೆ ಹೊಕ್ಕಳದ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತು. ಚಿಕ್ಕೋಡಿಯ ಡಾಕ್ಟರರು ಕನ್ನಡದವರು. “ಪಟ್ಟಿ ಯಾಕ ಬಿಟ್ಟಿ ತಂಗಿ? ಭಾರ ಎತ್ತಬ್ಯಾಡ ಅಂತ ಹೇಳಿರಲಿಲ್ಲೇನು?” ಎಂದು ಕೇಳಿದರು. “ಡೋಂಗಿ ಅಂದ್ರರಿ ಅವರು,” ಎಂದಿ ನೀನು. ಅವರು ನನ್ನತ್ತ ತಿರುಗಿದರು.

“ಹೌದ್ರಿ, ಹಂಗ ಅಂದ್ರು,” ಎಂದೆ.

ಮೊದಲನೆಯ ಸುಳ್ಳು ಸಿಟ್ಟಿನದು. ಎರಡನೆಯದು ಹೇಡಿಯದು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನ ಮಗ ಮುಂಬೈಯ ಡಾಕ್ಟರ್‌ಬಾಯಿಯನ್ನು ಬೈದ. ನಾನೂ ದನಿಗೂಡಿಸಿದೆ. ನಿನ್ನ ನೋವನ್ನು ನಂಬಿದವಳು ಅವಳೊಬ್ಬಳೇ, ಅವಳನ್ನೇ — ಥೂ, ನನ್ನ ಬಾಯಿಗಿಷ್ಟು!

ಉಬ್ಬನ್ನು ಹೊಲಿಸಿದ್ದಾಯಿತು. ಬಿಗಿತ ಹೋಗಿಲ್ಲ. ಪಟ್ಟಿ ಕಟ್ಟಿದ್ದರೆ ಆ ಉಬ್ಬು ಬರುತ್ತಿರಲಿಲ್ಲವೋ, ಕಟ್ಟಿದ್ದರೂ ಬರುತ್ತಿತ್ತೋ, ಯಾರಿಗೆ ಗೊತ್ತು — ಈ ‘ಯಾರಿಗೆ ಗೊತ್ತು’ ಎಂಬುದರ ಹಿಂದೆ ಮೂರು ವರ್ಷ ಅಡಗಿ ಕುಳಿತೆ. ಇನ್ನೂ ಕೂಡುತ್ತಿದ್ದೆನೇನೋ. ಆದರೆ ಮೊನ್ನೆ ನಿನ್ನ ಮಗಳು ಮುಟ್ಟಿನ ಹೊಟ್ಟೆನೋವೆಂದು ಮುದುಡಿ ಮಲಗಿದಾಗ ನೀನು ಅಂದಿ: “ಏಳ ಬೇ, ಡೋಂಗಿ ಮಾಡಬ್ಯಾಡ.” ಅಂದು, ನಿನ್ನ ಹೊಟ್ಟೆಯ ಮೇಲೆ ನೀನೇ ಕೈ ಒತ್ತಿಕೊಂಡು ನಿಂತಿ. ಹುಡುಗಿ ತುಟಿ ಕಚ್ಚಿ ಎದ್ದಳು. ನನ್ನ ಸುಳ್ಳು ಮುಂದಿನ ಹೊಟ್ಟೆಗೆ ಇಳಿದದ್ದನ್ನು ಕಣ್ಣಾರೆ ಕಂಡೆ.

ಸಂಜೆ ಮಗ ಬಂದ ಮೇಲೆ, ಅವನ ಮುಂದೆ, ಮೊಮ್ಮಗಳ ಮುಂದೆ ಇದನ್ನು ನಾನೇ ಓದುತ್ತೇನೆ. ಬಾಯಿಂದ ಆಡಿದ ಸುಳ್ಳು. ಕಾಗದವನ್ನು ನಿನ್ನ ಕೈಗಿತ್ತು ಹಿತ್ತಲಿಗೆ ಜಾರಿಕೊಳ್ಳಲಾರೆ. ಕ್ಷಮಿಸು ಎನ್ನುವುದಿಲ್ಲ. ನೀನು ಕ್ಷಮಿಸಿದರೆ ನನಗೇ ಸಿಟ್ಟು ಬಂದೀತು. ಪಟ್ಟಿ ನನ್ನ ಟ್ರಂಕಿನ ತಳದಲ್ಲಿದೆ, ಸಡಿಲಾಗಿ ಹೋಗಿದೆ, ಅದನ್ನೂ ತಂದು ಮುಂದಿಡುತ್ತೇನೆ. ಮತ್ತು ಆ ದಿನ ನಿನಗೆ ಮುಟ್ಟಬೇಕಿದ್ದ ಮಾತನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ — ಹೇ ಢೋಂಗ್ ನಾಹಿ.

ನಾಹಿ, ಸುನಂದಾ. ಅಲ್ಲವೇ ಅಲ್ಲ.