ಮೂರು ಸಲ ಕಾಯಿಸಿದ ನೀರು

ಮೊನ್ನೆ ಭಾನುವಾರ ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಮನೆಯ ವೈಫೈ ಡಬ್ಬಿಯಲ್ಲಿ ಹಸಿರು ದೀಪ ಹತ್ತಲೇ ಇಲ್ಲ. ಕೆಂಪು ದೀಪವೊಂದು ಮಿಟುಕುತ್ತ ಕೂತಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಫೋನೆತ್ತಿದ ಹುಡುಗಿ ವೆರಿ ಪೊಲೈಟ್. “ಸ್ವಲ್ಪ ವೆಯ್ಟ್ ಮಾಡಿ ಮೇಡಂ, ಅದಿನ್ನೂ ದಾರಿ ಹುಡುಕ್ತಾ ಇದೆ,” ಅಂದಳು. ಅವಳ ಉಚ್ಚಾರಣೆಗೆ ಮನಸ್ಸಿನಲ್ಲೇ ಹತ್ತಕ್ಕೆ ಎಂಟು ಮಾರ್ಕು ಕೊಟ್ಟೆ. ಕಾನ್ವೆಂಟಿನಲ್ಲಿ ಓದಿದವಳ ಈ ಚಟ ಎಪ್ಪತ್ತು ದಾಟಿದರೂ ಬಿಡುವುದಿಲ್ಲ ನೋಡಿ. ಆಮೇಲೆ ಡಬ್ಬಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ದಾರಿ ಹುಡುಕುವ ಡಬ್ಬಿಯ ವಿಷಯ ನನಗೆ ಮೊದಲು ಹೇಳಿದವಳು ವಿಮಲಾ. ಇಂಥದ್ದೊಂದು ಯಾರ ಮನೆಯಲ್ಲೂ ಇಲ್ಲದ ಕಾಲದಲ್ಲಿ.

ಅದಕ್ಕೂ ಮುಂಚೆ ಆ ಡಬ್ಬಿ ನಾನೇ ಆಗಿದ್ದೆ. ತಮಾಷೆಯಲ್ಲ. ಎಪ್ಪತ್ತರ ದಶಕದಲ್ಲಿ ಕೆಜಿಎಫ್‌ನ ಗಣಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ಎದೆಯೆತ್ತರದ ಬೋರ್ಡು, ಅದರ ತುಂಬ ತೂತುಗಳು, ಕೆಳಗೆ ಜೋಡಿ ಜೋಡಿ ವಯರುಗಳು. ಯಾರಾದರೂ ಫೋನೆತ್ತಿದರೆ ಅವರ ನಂಬರಿನ ಪುಟ್ಟ ಮುಚ್ಚಳ ಟಕ್ ಎಂದು ಬೀಳುತ್ತಿತ್ತು. “ನಂಬರ್ ಪ್ಲೀಸ್,” ಎನ್ನುತ್ತಿದ್ದೆ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ, ನಗು ಆ ಕಡೆಯವರಿಗೆ ಕೇಳುವಂತೆ. ಮೈಸೂರು ಮೈನ್ಸಿನ ಲೈನು ಕೆಟ್ಟಿದ್ದರೆ ಊರಿಗಾಂ ಮೇಲೆ ಕೊಡುವುದು. ಅದೂ ಗೊರಗೊರ ಎಂದರೆ ನಂದಿದುರ್ಗ ಗಣಿಯ ಕಡೆಯಿಂದ ಸುತ್ತಿಸಿ ಕೊಡುವುದು. ಯಾವ ದಾರಿ ಬದುಕಿದೆ, ಯಾವುದು ಸತ್ತಿದೆ ಎಂಬುದು ನನ್ನ ಬೆರಳಿಗೆ ಗೊತ್ತಿರುತ್ತಿತ್ತು.

ಕನೆಕ್ಷನ್ ಸಿಕ್ಕಿತೋ ಇಲ್ಲವೋ ಎಂದು ಒಂದು ಕ್ಷಣ ಕೇಳಿ, ಅವರ ಮಾತು ನಮಗೆ ಕೇಳಿಸುವ ಕೀ ಮುಚ್ಚಿಬಿಡಬೇಕು, ಕಿವಿಗೆ ಬಿದ್ದದ್ದನ್ನು ಯಾರಿಗೂ ಹೇಳಬಾರದು. ಅದು ರೂಲ್. ನಾನು ಕೀ ಮುಚ್ಚುವುದನ್ನು ಆಗಾಗ ಮರೆಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಯಾವ ಬಂಗಲೆಯ ಮೇಮ್‌ಸಾಹೇಬರು ಯಾರ ಕೇಕನ್ನು ಆಡಿಕೊಂಡರು, ಯಾವ ಡಾಕ್ಟರ ಮಗಳ ಮದುವೆ ಮುರಿಯಿತು, ಎಲ್ಲ ನನಗೆ ಮೊದಲು ಗೊತ್ತು. ಬೇರೆಯವರ ಮನೆಯ ಸುದ್ದಿ ಇಟ್ಟುಕೊಂಡು ಸುಮ್ಮನಿರುವುದು ಬಹಳ ದೊಡ್ಡತನ ಎಂದುಕೊಂಡಿದ್ದೆ.

ನಮ್ಮ ಮನೆಗೆ ಮೊಸರು ತರುತ್ತಿದ್ದ ಮುನಿಯಮ್ಮನ ಮಗಳೇ ವಿಮಲಾ. ಮುನಿಯಮ್ಮನ ಗಂಡ ನಾರಾಯಣಪ್ಪ ಗಣಿಯೊಳಗೆ ಮರದ ಆಧಾರ ನಿಲ್ಲಿಸುವ ಕೆಲಸದವನು. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ಅವರಿಗೆ ರಾಗಿ ಹೊಲವಿತ್ತು, ಎರಡು ಎಮ್ಮೆ ಮಾತ್ರ ಗಣಿ ಕಾರ್ಮಿಕರ ಲೈನಿನ ಮನೆಯ ಹಿಂದೆ ಬಂದು ನೆಲೆಸಿದ್ದವು. ವಿಮಲಾಳನ್ನು ನಮ್ಮ ಕಾನ್ವೆಂಟಿಗೆ ಸೇರಿಸಿದ್ದು ನನ್ನ ಶಿಫಾರಸಿನ ಮೇಲೆ. “ನಿನ್ನಂಗೆ ಇಂಗ್ಲೀಸ್ ಮಾತಾಡ್ಲಿ ಕಣಮ್ಮ, ನಮ್ಮ ಎಮ್ಮೆಗೂ ವಸಿ ಕಲಿಸ್ಲಿ,” ಎಂದು ಮುನಿಯಮ್ಮ ನಗುತ್ತಿದ್ದಳು.

ವಿಮಲಾ ಏಳನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳಿಗ್ಗೆ, ನೆಲ ನಡುಗಿತು. ನಡುಗುವುದು ನಮಗೆ ಹೊಸದಲ್ಲ. ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಶೆಲ್ಫಿನ ಪಾತ್ರೆಗಳು ಜಣಜಣ ಎನ್ನುತ್ತಿದ್ದವು. ಹೆಂಗಸರು ಒಂದು ಗಳಿಗೆ ಕೈ ನಿಲ್ಲಿಸಿ ಮತ್ತೆ ರುಬ್ಬುತ್ತಿದ್ದರು. ಅವತ್ತು ಬೋರ್ಡಿನ ಮುಚ್ಚಳಗಳೆಲ್ಲ ಒಟ್ಟಿಗೇ ಬಿದ್ದವು. ಹನ್ನೊಂದರ ಹೊತ್ತಿಗೆ ಗಣಿಗೆ ಇಳಿಯುವ ಶಾಫ್ಟಿನ ಆಫೀಸಿನಿಂದ ಆಸ್ಪತ್ರೆಗೆ ಒಂದು ಕಾಲ್ ಹಾಕಿಕೊಟ್ಟೆ. ಕೀ ಮುಚ್ಚಲಿಲ್ಲ. ಆಫೀಸಿನ ಕಡೆಯ ಗಂಡಸಿನ ದನಿ ಮೂರು ಹೆಸರು ಹೇಳಿ, “ನೋ ಹೋಪ್. ಮೇಲಕ್ಕೆ ತರೋಕೆ ನಾಳೆ ಆಗುತ್ತೆ,” ಎಂದಿತು. ಎರಡನೆಯ ಹೆಸರು ನಾರಾಯಣಪ್ಪ.

ಅರ್ಧ ಗಂಟೆಯಲ್ಲಿ ಮುನಿಯಮ್ಮ ಎಕ್ಸ್‌ಚೇಂಜಿನ ಕಿಟಕಿಗೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಕೈ ಒಣಗಿದ ಮೇಲೂ.

“ಅಮ್ಮಯ್ಯ, ನಮ್ಮನೆಯೋರು ಮ್ಯಾಲಕ್ ಬಂದ್ರಾ? ವಸಿ ಪೋನ್ ಮಾಡಿ ಕೇಳವ್ವ.”

ನಾನು ಒಂದು ವಯರು ತೆಗೆದು ಸುಮ್ಮನೆ ಒಂದು ತೂತಿಗೆ ಹಾಕಿದೆ. ಕೇಳುವವಳ ಹಾಗೆ ತಲೆ ವಾಲಿಸಿದೆ.

“ಲೈನು ಬಿಝಿ ಇದೆ ಮುನಿಯಮ್ಮ. ಯಾರೋ ಮಾತಾಡ್ತಾ ಇದ್ದಾರೆ.”

ಅಷ್ಟೇ ನಾನು ಹೇಳಿದ್ದು. ರೂಲ್ ಮುರಿಯಲಿಲ್ಲ ಎಂದು ಆಗ ಸಮಾಧಾನವೂ ಆಯಿತು. ಮುನಿಯಮ್ಮನ ಮುಖ ಮಾತ್ರ ತೆರೆದುಕೊಂಡಿತು. “ಮಾತಾಡ್ತಾವ್ರಾ? ಅಂಗಾರೆ ಅವ್ರೆ, ಬದುಕವ್ರೆ,” ಎಂದು ಹೊರಟೇಹೋದಳು. ಕೂಗಿ ಕರೆಯಬಹುದಿತ್ತು. ಅಷ್ಟರಲ್ಲಿ ಇನ್ನೊಂದು ಮುಚ್ಚಳ ಬಿತ್ತು, “ನಂಬರ್ ಪ್ಲೀಸ್,” ಎಂದೆ. ನಗು ಕೇಳಿಸುವ ಹಾಗೇ ಎಂದಿರಬೇಕು.

ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. “ಸದ್ಯ, ದೇವರು ದೊಡ್ಡವನು ಕಣೆ. ನಾರಾಯಣಪ್ಪ ಕೆಳಗಿಂದ ಫೋನ್ ಮಾಡಿದ್ನಂತೆ. ಲೈನಿನವರೆಲ್ಲ ಹೇಳ್ತಿದಾರೆ. ಎಕ್ಸ್‌ಚೇಂಜಿನವರೇ ಹೇಳಿದ್ರಂತೆ.”

ಇಲ್ಲಿ ನೀವು ನನ್ನನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಎಕ್ಸ್‌ಚೇಂಜಿನವರು ನಾನೇ ಅಲ್ಲವೇ? ಆದರೆ ನನಗೆ ಹಾಗೆ ಹೊಳೆಯಲಿಲ್ಲ. ನನ್ನ ನಂತರದ ಶಿಫ್ಟಿನ ಹುಡುಗಿ ಏನೋ ಕೇಳಿರಬೇಕು ಎಂದುಕೊಂಡೆ. ಗಣಿಯೊಳಗೂ ಫೋನುಗಳಿದ್ದವಲ್ಲ. ಆ ಗಂಡಸು ಹೆಸರು ತಪ್ಪು ಹೇಳಿರಬಹುದು, ನಾನೇ ತಪ್ಪು ಕೇಳಿರಬಹುದು. ಮಾರನೆಯ ದಿನ ಡ್ಯೂಟಿಗೆ ಹೋಗುವಾಗ ನಲ್ಲಿಯ ಹತ್ತಿರ ಮುನಿಯಮ್ಮ ಸಿಕ್ಕಳು. ಕಣ್ಣು ಕೆಂಪಾಗಿತ್ತು. ನಾನಾಗಿಯೇ ಅವಳ ಕೈ ಹಿಡಿದುಕೊಂಡು, “ಫೋನ್ ಬಂದಿತ್ತಂತೆ ಮುನಿಯಮ್ಮ, ಧೈರ್ಯವಾಗಿರು,” ಅಂದೆ. ನನ್ನಿಂದ ಹೊರಟ ಮಾತೇ ಲೈನೆಲ್ಲ ಸುತ್ತಿ, ಬೆಳೆದು, ನನ್ನ ಹತ್ತಿರ ಬಂದಿತ್ತು. ಅದನ್ನು ನಂಬಿ ಅವಳಿಗೇ ವಾಪಸು ಕೊಟ್ಟೆ.

ಮಧ್ಯಾಹ್ನ ಮೂವರನ್ನೂ ಮೇಲಕ್ಕೆ ತಂದರು.

ಆಮೇಲಿನದನ್ನು ವಿವರಿಸಲಾರೆ. ಮುನಿಯಮ್ಮ ಎಮ್ಮೆ ಹೊಡೆದುಕೊಂಡು ತನ್ನ ಹಳ್ಳಿಗೆ ಹೋದಳು. ವಿಮಲಾ ಅಲ್ಲಿಂದಲೇ ರೈಲು ಹತ್ತಿ ಕಾನ್ವೆಂಟಿಗೆ ಬಂದು ಓದು ಮುಗಿಸಿದಳು, ಆಮೇಲೆ ಬೆಂಗಳೂರಿನ ಕಾಲೇಜು ಸೇರಿದಳು. ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದು ಸ್ಟೇಷನ್ನಿನ ಹತ್ತಿರ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ತೊಂಬತ್ತರ ಮೊದಲಿಗೆ ಒಂದು ದಿನ ವಿಮಲಾ ಕೈಬರಹದ ಹಾಳೆಗಳ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟಳು. ಅವಳ ಥೀಸಿಸ್.

“ಬೆಂಗಳೂರಿನಲ್ಲಿ ಕಂಪ್ಯೂಟರಲ್ಲೇ ಟೈಪ್ ಮಾಡ್ತಾರಂತಲ್ಲೇ,” ಅಂದೆ.

“ನಿಮ್ಮ ಕೈಯಲ್ಲೇ ಆಗ್ಬೇಕು ಅಕ್ಕ,” ಅಂದಳು.

ಅದರಲ್ಲಿದ್ದದ್ದು ತಂತಿಯಿಲ್ಲದೆ, ರೇಡಿಯೋ ಮೂಲಕ ಒಂದರೊಡನೊಂದು ಮಾತಾಡುವ ಯಂತ್ರಗಳು. ಕಳಿಸಿದ ಸುದ್ದಿ ಕೈಯಿಂದ ಕೈಗೆ ದಾಟಿ ದೂರದವರಿಗೆ ತಲುಪಬೇಕು, ನಡುವೆ ಯಾವುದು ಯಾವಾಗ ಸಾಯುತ್ತದೋ ಗೊತ್ತಿಲ್ಲ. ದಾರಿ ಹುಡುಕುವುದು ಹೇಗೆ ಎಂಬುದೇ ಸಂಶೋಧನೆ. ಬಂಡೆ ಬಿದ್ದರೆ ಗಣಿಯಲ್ಲಿ ಮೊದಲು ತುಂಡಾಗುವುದು ತಂತಿಯೇ ಅಲ್ಲವೇ ಎಂದಳು, ಬೇರೆ ಯಾರದೋ ಊರಿನ ಮಾತಿನ ಹಾಗೆ. ಸಾಲು ಸಾಲು ಗಣಿತ. ಗ್ರೀಕ್ ಅಕ್ಷರಗಳಿಗೆ ನಾನು ಜಾಗ ಬಿಡುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಪೆನ್ನಿನಲ್ಲಿ ತುಂಬುತ್ತಿದ್ದಳು.

ಮೂರನೆಯ ಅಧ್ಯಾಯದಲ್ಲಿ ನನ್ನ ಬೆರಳು ನಿಂತಿತು. ಏನೋ ಅರ್ಥವಾಗಲಿಲ್ಲವೆಂದೆ. ಅವಳು ಮೇಜಿನ ಮೇಲೆ ಕಾಫಿ ಲೋಟಗಳನ್ನು ಸಾಲಾಗಿಟ್ಟಳು.

“ಇವೆಲ್ಲ ಆ ಯಂತ್ರಗಳು. ಈ ಕೊನೇದು ಸತ್ತುಹೋಯ್ತು ಅಂದ್ಕೊಳ್ಳಿ. ಪಕ್ಕದ್ದಕ್ಕೆ ಗೊತ್ತಾಯ್ತು. ಆದ್ರೆ ಅದರಾಚೆಯದು ‘ನನಗೊಂದು ದಾರಿ ಗೊತ್ತು, ಸ್ವಲ್ಪ ದೂರ ಅಷ್ಟೆ’ ಅನ್ನುತ್ತೆ. ಆ ದಾರಿ ಈ ಪಕ್ಕದ್ದರಿಂದಲೇ ಕಲಿತಿದ್ದು, ಆದ್ರೆ ಅದು ಈ ಪಕ್ಕದ್ದಕ್ಕೆ ಗೊತ್ತಿಲ್ಲ. ನಂಬುತ್ತೆ. ನಂಬಿ, ಒಂದು ಹೆಜ್ಜೆ ಸೇರಿಸಿ ವಾಪಸು ಹೇಳುತ್ತೆ. ಅದೂ ನಂಬುತ್ತೆ. ಹೀಗೇ ಲೆಕ್ಕ ಏರ್ತಾನೇ ಹೋಗುತ್ತೆ ಅಕ್ಕ. ಸತ್ತಿರೋದು ಸತ್ತೇ ಇರುತ್ತೆ.”

“ಹಾಗಾದ್ರೆ ಏನು ಮಾಡ್ಬೇಕು?”

“ಯಾರಿಂದ ಕೇಳಿದ್ದೋ ಅವ್ರಿಗೇ ತಿರುಗಿ ಹೇಳಬಾರದು. ಅದೂ ಸಾಲಲ್ಲ. ಸುಮ್ಮನಿದ್ರೆ ಆಚೆಯವರು ಕಾಯ್ತಾನೇ ಇರ್ತಾರೆ. ‘ನನ್ನಲ್ಲಿ ದಾರಿ ಇಲ್ಲ’ ಅಂತ ಬಾಯಿಬಿಟ್ಟು ಹೇಳಿಬಿಡ್ಬೇಕು.” ಲೋಟಗಳನ್ನು ಒಂದರೊಳಗೊಂದು ಇಡುತ್ತ, ನನ್ನ ಕಡೆ ನೋಡದೆ ಅಂದಳು: “ಅವತ್ತು ಅಪ್ಪಂಗೆ ಸ್ನಾನದ ನೀರು ಮೂರು ಸಲ ಕಾಯಿಸ್ದೆ. ಪ್ರತಿಸಲ ಯಾರೋ ಬಂದು ‘ಅವ್ರೆ’ ಅನ್ನೋರು, ಅಮ್ಮ ‘ಒಲೆ ಉರಿ ಮಾಡೇ’ ಅನ್ನೋಳು. ಅದೇ ನೀರು. ಆರೋದು, ಕಾಯಿಸೋದು.”

ನಾನು ಏನೆಂದೆ ಗೊತ್ತೇ? “ಈ ಪುಟಕ್ಕೆ ಮಾರ್ಜಿನ್ ಎಷ್ಟು ಬಿಡ್ಲಿ?” ಎಂದೆ. ಅವಳು ಹೇಳಿದಳು, ನಾನು ಬಿಟ್ಟೆ. ಇಡೀ ಥೀಸಿಸ್‌ನಲ್ಲಿ ಒಂದೇ ಒಂದು ಸ್ಪೆಲ್ಲಿಂಗ್ ಮಿಸ್ಟೇಕ್ ಇರಲಿಲ್ಲ.

ಅವಳಿಗೆ ಡಾಕ್ಟರೇಟ್ ಬಂತು, ಮೈಸೂರಿನಲ್ಲಿ ಪಾಠ ಮಾಡಿ ರಿಟೈರೂ ಆದಳು. ಮುನಿಯಮ್ಮ ಹೋಗಿ ಬಹಳ ವರ್ಷವಾಯಿತು. ಇವತ್ತಿಗೂ ಭಾನುವಾರ ಹನ್ನೊಂದಕ್ಕೆ, ಈ ವೈಫೈ ಮೇಲೆಯೇ, ವಿಮಲಾಳ ವಾಟ್ಸಾಪ್ ಫೋನು ತಪ್ಪದು. ಬಿ.ಪಿ., ಬೇಳೆ ಬೆಲೆ, ಕಾನ್ವೆಂಟಿನ ಸಿಸ್ಟರುಗಳು, ಇದೇ ಮಾತು.

ಕೆಂಪು ದೀಪ ಆರಿ ಹಸಿರು ಹತ್ತಿದಾಗ ಹನ್ನೊಂದೂ ಕಾಲು. ತಕ್ಷಣವೇ ಫೋನು ಬಂತು. “ಎಲ್ಲಿ ಹೋಗಿದ್ರಿ ಅಕ್ಕ, ಸಿಗ್ತಾನೇ ಇರಲಿಲ್ಲ,” ಅಂದಳು.

“ವಿಮಲಾ, ಅವತ್ತು ನನಗೆ ಗೊತ್ತಿತ್ತು ಕಣೆ,” ಅಂದೆ. ಬೇರೇನೂ ಪೀಠಿಕೆ ಹಾಕಲಿಲ್ಲ. “ಶಾಫ್ಟಿನ ಆಫೀಸಿನವರು ಹೇಳೋದನ್ನ, ನಿಮ್ಮಮ್ಮ ಕಿಟಕಿಗೆ ಬರೋ ಮುಂಚೆನೇ, ಫೋನಿನಲ್ಲಿ ಕೇಳಿಸಿಕೊಂಡಿದ್ದೆ. ಲೈನು ಬಿಝಿ ಇರಲಿಲ್ಲ.”

ಡಬ್ಬಿ ನೋಡಿದೆ. ಹಸಿರೇ ಇತ್ತು.

“ಅಮ್ಮ ಹೇಳಿದ್ಲು,” ಅಂದಳು ಕೊನೆಗೆ. “ಕಿಟಕಿಯಲ್ಲಿ ನೀವಿದ್ರಿ ಅಂತ. ನಲ್ಲಿ ಹತ್ರಾನೂ ನೀವೇ ಅಂತ. ನಿಮಗೆ ಮೊದಲೇ ಗೊತ್ತಿತ್ತಾ ಅನ್ನೋದೊಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಅಲ್ವಾ ಥೀಸಿಸ್ ನಿಮ್ಮ ಹತ್ರ ತಂದಿದ್ದು? ಮೂರನೇ ಚಾಪ್ಟರ್‌ಗೆ ಬಂದಾಗ ಹೇಳ್ತೀರೇನೋ ಅಂದ್ಕೊಂಡೆ. ನೀವು ಮಾರ್ಜಿನ್ ಕೇಳಿದ್ರಿ.”

ಬೈಯಬಹುದಿತ್ತು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಹಳೆಯ ಅಭ್ಯಾಸ, ಬಾಯಿಗೆ ತಾನಾಗಿಯೇ ಬಂತು.

“ಲೈನಿನಲ್ಲಿದ್ದೀಯಾ?”

“ಇದ್ದೀನಿ ಅಕ್ಕ,” ಅಂದಳು. “ಹೇಳಿ. ಮೊದಲಿಂದ ಹೇಳಿ. ಅವ್ರು ಏನಂದ್ರು ಅವತ್ತು, ಫೋನಿನಲ್ಲಿ?”

ಹೇಳತೊಡಗಿದೆ.