ಬ್ರೇಕ್ ಇಲ್ಲದ ಬದಿ

ತಾಳಗುಂದದ ಏರುದಾರಿ ಡಾಂಬರು ರಸ್ತೆಗೆ ಸೇರುವಲ್ಲಿ, ಬಸ್ ತಂಗುದಾಣದ ಎಡಗಂಬದ ಪಕ್ಕ ನಾನು ನಿಂತಿದ್ದೆ. ಬೆಳಗಿನ ಏಳರ ಸುಮಾರು, ಶುಂಠಿ ಕೀಳುವ ಕಾಲ. ಕೆಳಗೆ, ಮೋರಿಕಟ್ಟೆಯಿಂದ ತುಸು ಮುಂದೆ, ಲಗೇಜ್ ಗಾಡಿ ಮೇಲ್ಮುಖವಾಗಿ ನಿಂತಿತ್ತು. ಅದರ ಎಡ ಸೀಟಿನ ಮುಂದೆ, ಕಾಲಿಡುವ ತಗಡಿನಲ್ಲಿ ಅಂಗಾಲಗಲದಷ್ಟು ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ನಿಂತಲ್ಲಿಂದ ಅದು ನನಗೆ ಕಾಣುತ್ತಿರಲಿಲ್ಲ. ಆದರೆ ಇದೆಯೆಂದು ಗೊತ್ತಿತ್ತು. ಅದು ಗಾಡಿಯಣ್ಣನ ಬಲಗಾಲು ಒತ್ತಿ ಒತ್ತಿ ಸವೆಸಿದ ಜಾಗ. ಅಲ್ಲಿ ಬ್ರೇಕ್ ಇರಲಿಲ್ಲ.

ಗಾಡಿ ಅವರದೇ. ಕೂಲಿ ಹೆಂಗಸರನ್ನು ಆನವಟ್ಟಿ ಕಡೆಯ ಶುಂಠಿ ಹೊಲಗಳಿಗೆ ಒಯ್ಯುತ್ತಿದ್ದರು. ಆ ಹೊಲಗಳ ತನಕ ಬಸ್ಸಿಲ್ಲ. ನನ್ನ ಬಸ್ ತಪ್ಪಿದ ದಿನ ಮುಂದಿನ ಸೀಟಿನಲ್ಲಿ ಒತ್ತರಿಸಿ ಕೂರಿಸಿಕೊಂಡು ಶಾಲೆಯ ತನಕ ಬಿಡುತ್ತಿದ್ದರು. ಸರಕಿನ ಗಾಡಿಯಲ್ಲಿ ಜನ ತುಂಬಿದ್ದಕ್ಕೆ ಕೋರ್ಟಿನಲ್ಲಿ ದಂಡ ಬಿತ್ತು. ಕಟ್ಟಲಾಗಲಿಲ್ಲ. ಲೈಸೆನ್ಸ್ ಅಮಾನತಾಯಿತು. ದಂಡ ಕಟ್ಟಲು ಗಾಡಿ ಓಡಬೇಕು, ಗಾಡಿ ಓಡಿಸಲು ದಂಡ ಕಟ್ಟಬೇಕು.

"ಯಾರ್ ನೋಡ್ತಾರಣ್ಣ, ಹೊಡಿ ಗಾಡಿ" ಎಂದರು ಸ್ಟ್ಯಾಂಡಿನವರು.

"ಮೊದ್ಲೇ ಸರಕಿನ ಗಾಡಿ, ಏನಾರ ಆದ್ರೆ ಲೈಸೆನ್ಸೂ ಇಲ್ಲ ಅಂತ ಇನ್ಶೂರೆನ್ಸ್‌ನೋರು ಈ ಹೆಣ್ಮಕ್ಕಳಿಗೆ ಒಂದ್ ಪೈಸೆ ಕೊಡಲ್ಲ. ಬ್ಯಾಡ."

ಹೆಂಗಸರು ತಾವೇ ಸೇರಿಸಿ ಕಟ್ಟುತ್ತೇವೆಂದಾಗ, "ನಿಮ್ ಕೂಲಿ ನನ್ ಜುಲ್ಮಾನಿಗೆ ಹೋಗೂದಾದ್ರೆ ನಾನ್ಯಾಕ್ ನಿಮ್ಮನ್ನ ಹೊಲಕ್ಕೆ ಒಯ್ಬೇಕು?" ಎಂದುಬಿಟ್ಟರು.

ಕೊನೆಗೆ ಭಾಮೈದನನ್ನು ಕರೆತಂದರು. ಆನವಟ್ಟಿಯ ಬಟ್ಟೆ ಅಂಗಡಿಯಲ್ಲಿದ್ದವನು. ಕೈಯಲ್ಲಿ ಲೈಸೆನ್ಸ್ ಇತ್ತು, ರೂಢಿ ಇರಲಿಲ್ಲ. ಅವನು ಸ್ಟೇರಿಂಗ್ ಹಿಡಿದರೆ ಇವರು ಎಡಗಡೆ ಕೂತು ಹೇಳಿಕೊಡುತ್ತಿದ್ದರು: "ಮೊದ್ಲು ಬ್ರೇಕ್, ಆಮೇಲೆ ಕ್ಲಚ್." ಪ್ರತಿ ತಿರುವಿನಲ್ಲೂ ಅವರ ಬಲಗಾಲು ಬರಿಯ ತಗಡನ್ನು ಒತ್ತುತ್ತಿತ್ತು.

ಕೈಬ್ರೇಕ್ ಎಂದೋ ಸತ್ತಿತ್ತು. ಏರಿನಲ್ಲಿ ಗಾಡಿಯನ್ನು ಗೇರಿನಲ್ಲೇ ಆಫ್ ಮಾಡಿ, ಹಿಂದಿನ ಟೈರಿಗೆ ಕಲ್ಲಿಡುವುದು ಅವರ ಕ್ರಮ. ಕಲ್ಲು ತೆಗೆದ ಮೇಲೂ ಗೇರು ಗಾಡಿಯನ್ನು ಹಿಡಿದಿರುತ್ತಿತ್ತು, ಕ್ಲಚ್ ಒತ್ತಿದರೆ ಬಿಡುತ್ತಿತ್ತು. ಹೊರಡುವಾಗ ಹಿಂದೆ ಹೋಗಿ ಎಲ್ಲರನ್ನೂ ಒಮ್ಮೆ ನೋಡಿ, ಕಲ್ಲು ತೆಗೆದು, ಬಂದು ತಾವೇ ಬ್ರೇಕ್ ತುಳಿದು ಸ್ಟಾರ್ಟ್ ಮಾಡುತ್ತಿದ್ದರು. ಅವರು ಹಿಂದಿರುವಾಗ ಡ್ರೈವರ್ ಸೀಟು ಖಾಲಿ ಇರುತ್ತಿತ್ತು. ಅಷ್ಟು ವರ್ಷ ಹಾಗೇ ನಡೆದಿತ್ತು.

ಅಂದೂ ಹಿಂದೆ ಹೋದರು, ಆದರೆ ಡ್ರೈವರ್ ಸೀಟಿನಲ್ಲಿ ಭಾಮೈದನಿದ್ದ.

"ಕಾಲು ಒಳಗೆ, ಸೆರಗು ಒಳಗೆ, ಜಗಳ ಹೊರಗೆ!" ದಿನವೂ ಹೇಳುವ ಮಾತು.

"ನಿನ್ ಲೈಸೆನ್ಸ್ ಎಲ್ಲೈತಣ್ಣ, ಒಳಗೋ ಹೊರಗೋ?" ಹಲಗೆಗೆ ಆತು ಕೂತಿದ್ದ ಹಿರಿಯ ಹೆಂಗಸು ಕೆಣಕಿದಳು.

"ಅದು ನನ್ನಂಗೇ ಕಣವ್ವ, ಮೂಲಿಗೆ ಬಿದ್ದೈತಿ." ಎಲ್ಲರೂ ನಕ್ಕರು. ಅವರು ಕಲ್ಲಿಗೆ ಬಗ್ಗಿದರು.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಎಂಜಿನ್ನಿನ ಸದ್ದು ಬರಲಿಲ್ಲ. ಗಾಡಿ ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಮೋರಿಕಟ್ಟೆ ತಾಗಿ ನಿಂತಿತು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ನಾನು ಓಡಿದೆ. ಕಟ್ಟೆಗೂ ಗಾಡಿಗೂ ನಡುವೆ ಅವರಿದ್ದರು. ಎಲ್ಲರೂ ಸೇರಿ ಗಾಡಿಯನ್ನು ಮುಂದಕ್ಕೆ ತಳ್ಳಿದೆವು. ಶಿಕಾರಿಪುರದ ಆಸ್ಪತ್ರೆ ಮುಟ್ಟುವ ಮುಂಚೆಯೇ ಉಸಿರು ಹೋಗಿತ್ತು.

ಭಾಮೈದ ಪೊಲೀಸರ ಮುಂದೆ ಒಂದೇ ಮಾತು ಹೇಳಿದ: "ಸ್ಟಾರ್ಟ್ ಮಾಡನ ಅಂತ ಮೊದ್ಲು ಕ್ಲಚ್ ಒತ್ತಿದೆ ಸಾರ್."

ಅಂದು ಕಂಡವರು ಇವರು: ನಾನು; ಗಾಡಿಯಲ್ಲಿದ್ದ ಹೆಂಗಸರು, ಈಗ ಅವರು ಬೇರೊಬ್ಬನ ಗಾಡಿಯಲ್ಲಿ ಹೋಗುತ್ತಾರೆ; ತಿರುಗಿ ಬಟ್ಟೆ ಅಂಗಡಿ ಸೇರಿದ ಭಾಮೈದ, ಅವನು ಈಗ ಸೈಕಲ್ಲನ್ನೂ ತುಳಿಯುವುದಿಲ್ಲ. ಎಲ್ಲರಿಗಿಂತ ಹತ್ತಿರದಿಂದ ಕಂಡವಳು ಆ ಹಿರಿಯ ಹೆಂಗಸು. ಕೇಳಿದವರಿಗೆಲ್ಲ ಅವಳು ಹೇಳುವುದು ಇಷ್ಟೇ:

"ಕಲ್ಲು ಕೈಯಾಗೇ ಇತ್ರೀ. ತಿರುಗಿ ಇಡಾಕೆ ನೋಡಿದ. ಒಳಗೆ ನಾವಿದ್ವಲ್ಲ."