ಕಾಗದ ಬಿಟ್ಟು ಹೋಗದ ರಾಯಪ್ಪ

ಬೆಳಗಾವಿ ರವಿವಾರ ಪೇಟೆಯ ಗುಲಶನಬಾಯಿ ದೆವ್ವ ಬಿಡಿಸುವ ಹೆಂಗಸು ಎಂದೇ ಖಾನಾಪುರದಲ್ಲಿ ಆಸ್ತಿಪತ್ರ ಬರೆಯುವ ಬಾಂಡ್ ರೈಟರ್ ಚನ್ನಬಸಯ್ಯ ತಿಳಿದಿದ್ದರು. ತಪ್ಪು ಅವರೊಬ್ಬರದೇ ಅಲ್ಲ. ಕಂಪ್ಯೂಟರಿನಲ್ಲಿ ಇರಬೇಕಾದ್ದು ಕಾಣೆಯಾಗುತ್ತದೆ, ಇರಬಾರದ್ದು ಕಾಣಿಸಿಕೊಳ್ಳುತ್ತದೆ ಎಂದು ಚಹಾದಂಗಡಿಯಲ್ಲಿ ದುಃಖ ತೋಡಿಕೊಂಡಾಗ ಯಾರೋ, ಬೆಳಗಾವಿಯಿಂದ ಆಕೆಯನ್ನು ಕರೆಸಿರಿ, ಅಂಥವೆಲ್ಲ ಆಕೆಗೆ ಬಗ್ಗುತ್ತವೆ ಎಂದಿದ್ದರು. ಹೀಗಾಗಿ ಆ ಗುರುವಾರ ಬೆಳಗಿನ ಪ್ಯಾಸೆಂಜರ್ ಇಳಿದು ಬಂದ ಗುಲಶನಬಾಯಿಗೆ ಕೀಬೋರ್ಡಿನ ಮೇಲೆ ಮೂರು ನಿಂಬೆಹಣ್ಣು, ಬಾಜೂಕ ಹೊಗೆಯಾಡುವ ಊದಿನಕಡ್ಡಿ ಕಂಡವು.

"ಕಡ್ಡಿ ಆರಸ್ರಿ. ಬೂದಿ ಕೀಲಿಯೊಳಗ ಬೀಳ್ತೈತಿ," ಎಂದರು ಆಕೆ. ನಿಂಬೆಹಣ್ಣು ಶರಬತ್ತಿಗೆಂದೇ ತಿಳಿದು, ಸಕ್ಕರೆ ಕಡಿಮೆ ಹಾಕಿಸಲು ಹೇಳಿದರು.

ಗುಲಶನಬಾಯಿಯ ತಂದೆ ಮೆಣಸಿನಕಾಯಿ ಸಗಟು ಅಂಗಡಿಯಲ್ಲಿ ಹಮಾಲರಾಗಿದ್ದವರು. ಮಗಳು ಹನ್ನೆರಡು ವರ್ಷ ಟೈಪಿಂಗ್ ಕಲಿಸಿದರು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ, ಕೆಟ್ಟ ಕಂಪ್ಯೂಟರೊಂದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ತಾವೇ ಕಲಿತರು. ಈಗ ನಲವತ್ತೈದು ದಾಟಿತ್ತು. ಬೇರೆಯವರ ಮೌಸ್ ಮುಟ್ಟುವುದಿಲ್ಲ ಎಂಬುದು ಆಕೆಯ ನೇಮ. ಬೇನೆ ಯಾರದೋ, ಔಷಧವೂ ಅವರೇ ಕುಡಿಯಬೇಕು ಅನ್ನುತ್ತಿದ್ದರು.

ಈ ನೇಮ ಕೇಳಿದ್ದೇ ಚನ್ನಬಸಯ್ಯ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹೊರಗಿನ ಬೋರ್ಡಿನ ಮೇಲೆ 'ಗಣಕಯಂತ್ರ ತಜ್ಞ ಚನ್ನಬಸಯ್ಯ' ಎಂದಿತ್ತು. ಯಂತ್ರ ಮುಟ್ಟುತ್ತಿದ್ದವನು ಮಾತ್ರ ಅವರ ಸಹಾಯಕ ರಾಯಪ್ಪ. ತಜ್ಞರು ಹಿಂದೆ ನಿಂತು ಎಲೆಯಡಿಕೆ ಮೆಲ್ಲುತ್ತ ಹ್ಞೂಂಗುಟ್ಟುವರು. ಬೋರ್ಡಿನ ಮೂಲೆಯಲ್ಲಿ ತನ್ನದೂ ಒಂದು ಹೆಸರು ಇರಲಿ ಎಂದು ರಾಯಪ್ಪ ಒಮ್ಮೆ ಕೇಳಿದ್ದ. ಜಾಗ ಸಾಲದು ಎಂದಿದ್ದರು.

ನಾಲ್ಕು ತಿಂಗಳ ಹಿಂದೆ ರಾಯಪ್ಪ ತೀರಿಹೋದ. ಅವನು ಕಡೆಯದಾಗಿ ಮಾಡಿದ್ದು ತನ್ನದೇ ಬಕ್ಷೀಸ್ ಪತ್ರ, ತನ್ನ ಮನೆಯ ಅರ್ಧವನ್ನು ತಂಗಿಗೆ ಬರೆದುಕೊಟ್ಟದ್ದು. ಬಾಂಡ್ ಬರೆಯುವವರು ಬರಿಯ ಹಾಳೆಯಿಂದ ಶುರುಮಾಡುವುದಿಲ್ಲ. ಹಳೆಯ ಪತ್ರ ತೆಗೆದು ಹೆಸರು ಬದಲಿಸುತ್ತಾರೆ. ರಾಯಪ್ಪ ಅದನ್ನು, ಹಳೆಯ ಹೆಸರಿದ್ದಲ್ಲೆಲ್ಲ ಒಮ್ಮೆಗೇ ಹೊಸದನ್ನು ಕೂರಿಸುವ 'ರಿಪ್ಲೇಸ್' ಎಂಬ ಆಜ್ಞೆಯಿಂದ, ಚಿಟಿಕೆ ಹೊಡೆಯುವುದರಲ್ಲಿ ಮುಗಿಸುತ್ತಿದ್ದ. ಚನ್ನಬಸಯ್ಯ ಹುಡುಕಿದಾಗ ಮೆನುವಿನಲ್ಲಿ ಆ ಆಜ್ಞೆಯೇ ಇರಲಿಲ್ಲ. ವಾರ ಕಳೆದಂತೆ ಇನ್ನೊಂದು ಹೋಯಿತು, ಮತ್ತೊಂದು ಹೋಯಿತು. ತನ್ನವನ್ನು ರಾಯಪ್ಪ ಒಂದೊಂದಾಗಿ ಹೊತ್ತೊಯ್ಯುತ್ತಿದ್ದ ಹಾಗೆ.

ಹೊತ್ತೊಯ್ಯದೆ ಬಿಟ್ಟದ್ದು ಹೆಸರು. ಹಲಸಿಯ ಶಿವಲಿಂಗ ತನ್ನ ಅಕ್ಕ ಮಾಯಕ್ಕನಿಗೆ ಅರ್ಧ ಮನೆ ಕೊಡುವ ಪತ್ರಕ್ಕೆ ಚನ್ನಬಸಯ್ಯ ರಾಯಪ್ಪನ ಆ ಬಕ್ಷೀಸ್ ಪತ್ರವನ್ನೇ ತೆಗೆದು, ಒಂದೊಂದೇ ಹೆಸರು ಹುಡುಕಿ ಕೈಯಿಂದಲೇ ತಿದ್ದಿದರು. ನೋಂದಣಿ ಕಚೇರಿಯವರು ಮೂರನೆಯ ಪುಟದಲ್ಲಿ 'ರಾಯಪ್ಪನು ಸ್ವಸಂತೋಷದಿಂದ ಕೊಟ್ಟಿದ್ದಾನೆ' ಎಂಬುದನ್ನು ತೋರಿಸಿ ವಾಪಸು ಕಳಿಸಿದರು. ಅದನ್ನು ತಿದ್ದಿದರೆ ನಾಲ್ಕನೆಯ ಪುಟದಲ್ಲಿ, 'ಪೂರ್ವಕ್ಕೆ ರಾಯಪ್ಪನು ತನಗಾಗಿ ಉಳಿಸಿಕೊಂಡ ಅರ್ಧ.' ಬೋರ್ಡಿನ ಮೇಲೆ ಜಾಗ ಸಿಗದವನು ಕಾಗದದೊಳಗೆ ಹೊಕ್ಕಿದ್ದ. ಮೂರನೆಯ ಸಲವೂ ವಾಪಸಾದರೆ ತಾನು ಮತ್ತೆ ಖಾನಾಪುರಕ್ಕೆ ಇಳಿಯುವವನಲ್ಲ, ಮನಸ್ಸೂ ಹೀಗೇ ಇರುತ್ತದೆಂದು ಹೇಳಲಾರೆ ಎಂದಿದ್ದ ಶಿವಲಿಂಗ. ಅಕ್ಕ ತಮ್ಮ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂತಿದ್ದರು.

"ಕುಂದರ್ರಿ. ಎಡಿಟ್ ತಗೀರಿ," ಎಂದರು ಗುಲಶನಬಾಯಿ.

ತಜ್ಞರು ಕೂತರು. ಮೌಸಿನ ಬಾಣವನ್ನು ಎರಡು ಸಲ ತಪ್ಪಿಸಿ, ಮೂರನೆಯ ಸಲ ಒತ್ತಿದರು. ಗಿಡ್ಡ ಮೆನುವೊಂದು ಇಳಿಯಿತು. ರಿಪ್ಲೇಸ್ ಇರಲಿಲ್ಲ. ಅವರ ಬೆನ್ನಿಗೆ ಯಾರೋ ನಿಂತು ಹ್ಞೂಂಗುಟ್ಟಿದಂತಾಯಿತು.

"ತಳದಾಗ ಎರಡು ಸಣ್ಣ ಬಾಣ ಅದಾವ ನೋಡ್ರಿ. ಅಲ್ಲಿ ಒತ್ರಿ."

ಒತ್ತಿದರು. ಮೆನು ಉದ್ದವಾಯಿತು. ನಡುನಡುವೆ ಮಾಸಿದ ಬಣ್ಣದ ಪಟ್ಟಿಗಳಲ್ಲಿ, ಹೋದವೆಲ್ಲ ಒಟ್ಟಿಗೆ ಎದ್ದು ನಿಂತವು. ರಿಪ್ಲೇಸ್ ಕೂಡ. ಚನ್ನಬಸಯ್ಯ ಕೈ ಹಿಂದಕ್ಕೆಳೆದುಕೊಂಡರು.

ಗುಲಶನಬಾಯಿ ಬಿಡಿಸಿ ಹೇಳಿದರು. ಈ ಹೊಸ ಸಾಫ್ಟ್‌ವೇರ್ ದಿನವೂ ಬಳಸುವುದನ್ನು ಮುಂದಿಡುತ್ತದೆ, ಬಳಸದ್ದನ್ನು ಒಳಗಿಡುತ್ತದೆ, ಯಾವುದೂ ಅಳಿದಿಲ್ಲ. ಟೂಲ್ಸ್ ಮೆನುವಿನ ಕಸ್ಟಮೈಜ್‌ನಲ್ಲಿ ಒಂದು ಟಿಕ್ ತೆಗೆಸಿದರು. ಇನ್ನು ಎಲ್ಲವೂ ಸದಾ ಕಾಣುತ್ತವೆ.

ಆಮೇಲೆ ಚನ್ನಬಸಯ್ಯ ಒಂದೊಂದೇ ಅಕ್ಷರ ಹುಡುಕಿ, ಮೇಲಿನ ಪೆಟ್ಟಿಗೆಯಲ್ಲಿ ರಾಯಪ್ಪ, ಕೆಳಗಿನದರಲ್ಲಿ ಶಿವಲಿಂಗ ಎಂದು ಬರೆದರು. ಒತ್ತುವ ಮೊದಲು ಎರಡೂ ಹೆಸರನ್ನು ಬೆರಳಿಟ್ಟು ಮತ್ತೆ ಓದಿದರು. ಗುಲಶನಬಾಯಿ ಅವಸರ ಮಾಡಲಿಲ್ಲ, ಮೌಸನ್ನೂ ಮುಟ್ಟಲಿಲ್ಲ. ಒತ್ತಿದಾಗ ಯಂತ್ರ ಲೆಕ್ಕ ಒಪ್ಪಿಸಿತು: ಎರಡು ಕಡೆ ಬದಲಾಗಿದೆ. ಎಂಟು ಸಲ ಓದಿದ ಪತ್ರದಲ್ಲಿ ಇನ್ನೂ ಎರಡು ಕಡೆ ಅವನಿದ್ದ.

ಪ್ರಿಂಟು ಹಿಡಿದು ಅಕ್ಕ ತಮ್ಮ ಹೋದರು. ಗಂಟೆಯೊಳಗೆ ಮಾಯಕ್ಕ ಶಾಯಿ ಹತ್ತಿದ ಹೆಬ್ಬೆರಳು ತೋರಿಸುತ್ತ, ಆತ್ರಿ, ನನ್ನ ಮನಿ ನಂದಾತು ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹೊರಟು ನಿಂತ ಗುಲಶನಬಾಯಿಯನ್ನು ಚನ್ನಬಸಯ್ಯ ಬಾಗಿಲಲ್ಲಿ ತಡೆದರು. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದರು:

"ಬಾಯಾರ, ಖರೇ ಹೇಳ್ರಿ. ರಾಯಪ್ಪ ಇನ್ನೂ ಇದರಾಗ ಅದಾನೋ, ಹೋದ್ನೋ?"

"ಅವ್ರು ಹೋಗಿ ನಾಕ ತಿಂಗಳಾತ್ರಿ. ನೀವ ಇನ್ನೂ ಕಲ್ತಿಲ್ಲ."